ಬೇಲಿ ಬದಿಯ ಕಾಡು ಪಿಯರ್ ಕೀಳಬೇಡಿ, ಕಸಿ ಕಟ್ಟಿ

ಅಮೆರಿಕದಲ್ಲಿ ಜಿಂಕೆ ಬೇಟೆಗೆ ಅಂತ ಜಮೀನು ಇಟ್ಟುಕೊಂಡವರಿಗೆ: ತಾನಾಗಿ ಎದ್ದ ಕ್ಯಾಲರಿ (Callery) ಪಿಯರ್, ಅಂದರೆ ಮುಳ್ಳಿರುವ ಕಾಡು ಪಿಯರ್ ಗಿಡವನ್ನು 5 ಅಡಿ ಎತ್ತರದಲ್ಲಿ ಕತ್ತರಿಸಿ, ತೊಗಟೆಯೊಳಗೆ ಕೀಫರ್ ಅನ್ನೋ ಪಿಯರ್ ತಳಿಯ ಕಡ್ಡಿ ಇಳಿಸಿ ಕಸಿ ಕಟ್ಟಿ. ಬೇರು ಆಗಲೇ ಆಳಕ್ಕೆ ಹೋಗಿರುತ್ತದೆ, ಹಾಗಾಗಿ ಹೊಸ ಸಸಿ ನೆಡುವುದಕ್ಕಿಂತ ಬೇಗ ಹಣ್ಣು ಬಿಡುತ್ತದೆ. ಕೆಳಗೆ ಕಟ್ಟಿದರೆ ಚಿಗುರೆಲ್ಲ ಜಿಂಕೆಯ ಬಾಯಿಗೇ, ಅಲ್ವಾ? ಕೀಫರ್ ತಡವಾಗಿ ಹಣ್ಣಾಗುವ ತಳಿ. ಬೇಟೆಯ ಕಾಲಕ್ಕೆ ಸರಿಯಾಗಿ ಉದುರುತ್ತದೆ, ತಿನ್ನೋಕೆ ಜಿಂಕೆ ಬರುತ್ತದೆ. ಹಣ್ಣು ನಮಗೆ ತಿನ್ನೋಕೆ ಗಟ್ಟಿ, ಮರಳು ಮರಳು. ಜಿಂಕೆಗೆ ಅದರ ಚಿಂತೆ ಇಲ್ಲ. ಕಡ್ಡಿ ಚಿಗುರಲು ಶುರುವಾಗಿದ್ದರೆ ಕಸಿ ಹಿಡಿಯುವುದು ಕಷ್ಟ. ಚಳಿಗಾಲದಲ್ಲೇ ಕೊಯ್ದು, ಒದ್ದೆ ಪೇಪರಲ್ಲಿ ಸುತ್ತಿ ಫ್ರಿಜ್ಜಲ್ಲಿಡಿ, ಸೇಬಿನ ಪಕ್ಕ ಮಾತ್ರ ಬೇಡ. ವಸಂತದಲ್ಲಿ ತೊಗಟೆ ಸುಲಭವಾಗಿ ಬಿಡಿಸಿಕೊಳ್ಳುವಾಗ ಕಟ್ಟಿ. ಕಸಿಯ ಕೆಳಗೆ ಬರುವ ಚಿಗುರನ್ನು ಆಗಾಗ ಚಿವುಟದಿದ್ದರೆ ಒಂದೆರಡು ವರ್ಷದಲ್ಲಿ ಮತ್ತೆ ಅದೇ ಮುಳ್ಳುಮರ. ಕಾಂಡದ ಸುತ್ತ ತಂತಿ ಜಾಲರಿಯೂ ಬೇಕು, ಗಂಡು ಜಿಂಕೆ ಕೊಂಬು ತಿಕ್ಕಿ ತೊಗಟೆ ಸುಲಿದುಬಿಡುತ್ತದೆ. ಊರಲ್ಲಿರುವವರು ಇದನ್ನು ಸುಮ್ನೆ ಹಣ್ಣಿಗಾಗಿ ಓದಿಕೊಳ್ಳಿ. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ.