ಹಾರ್ಡ್ ಡಿಸ್ಕ್ ಚೆಕ್ ಮಾಡಿದ್ದೀರಿ ಸರಿ, ರಿಸಲ್ಟ್ ನೋಡಿದಿರಾ?

ಅಕ್ಕನ ಮನೆಯ ಡೆಸ್ಕ್‌ಟಾಪಿನಲ್ಲಿ ಫೋಟೊ ಫೋಲ್ಡರ್ ತೆರೆದರೆ ಸಾಕು, ಹಾರ್ಡ್ ಡಿಸ್ಕ್ ಕರಕರ ಅಂದು ಎಲ್ಲವೂ ನಿಂತುಬಿಡುತ್ತಿತ್ತು. ಯುಪಿಎಸ್ ಬ್ಯಾಟರಿ ಕೆಟ್ಟು ವರ್ಷವಾಗಿತ್ತು, ಕರೆಂಟ್ ಹೋದಾಗಲೆಲ್ಲ ಕಂಪ್ಯೂಟರೂ ಧಡಕ್ಕನೆ ಆಫ್. ಭಾವ ಒಂದು ರಾತ್ರಿ ಡಿಸ್ಕ್ ಚೆಕ್‌ಗೆ ಹಾಕಿ ಮಲಗಿದರು. ಬೆಳಿಗ್ಗೆ ನೋಡಿದರೆ ವಿಂಡೋಸ್ ಎಂದಿನಂತೆ ತೆರೆದುಕೊಂಡಿತ್ತು. ‘ಚೆಕ್ ಆಯ್ತು, ಏನೂ ತೊಂದರೆ ಇಲ್ಲ’ ಅಂದರು. ರಿಸಲ್ಟ್ ಏನು ಬಂತು ಅಂದರೆ, ಅದನ್ನು ನೋಡೇ ಇಲ್ಲ!

ಸರಿಯಾಗಿ ಮಾಡುವುದು ಹೇಗೆ ಅಂತ ನೋಡೋಣ. ಮೊದಲು ಮುಖ್ಯವಾದ ಫೈಲುಗಳನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ಇದನ್ನು ನಾಳೆಗೆ ಇಡಬೇಡಿ, ಸಾಯುತ್ತಿರುವ ಡಿಸ್ಕಿಗೆ ಈ ತಪಾಸಣೆಯೇ ಕೊನೆಯ ಪೆಟ್ಟಾಗಬಹುದು.

ವಿಂಡೋಸ್ 10 ಅಥವಾ 11ರಲ್ಲಿ ‘ದಿಸ್ ಪಿಸಿ’ ತೆರೆದು, ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಆಮೇಲೆ ಟೂಲ್ಸ್, ಅಲ್ಲಿ ‘ಚೆಕ್’. ಇಷ್ಟೇ. ಆದರೆ ಇದು ನೋಡುವುದು ಯಾವ ಫೈಲ್ ಎಲ್ಲಿದೆ ಎಂಬ ಲೆಕ್ಕದ ಪುಸ್ತಕವನ್ನು ಮಾತ್ರ.

ಇನ್ನೂ ಆಳಕ್ಕೆ ಹೋಗಬೇಕಾದರೆ ಸ್ಟಾರ್ಟ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ಹುಡುಕಿ, ರೈಟ್ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಸಿ, ಎಚ್, ಕೆ, ಡಿ, ಎಸ್, ಕೆ ಎಂಬ ಆರು ಇಂಗ್ಲಿಷ್ ಅಕ್ಷರ ಟೈಪ್ ಮಾಡಿ, ಜಾಗ ಬಿಟ್ಟು ಸಿ ಮತ್ತು ಕೋಲನ್, ಮತ್ತೆ ಜಾಗ ಬಿಟ್ಟು ಸ್ಲ್ಯಾಶ್ (/) ಮತ್ತು ಎಫ್. ಎಫ್ ಅಂದರೆ ಲೆಕ್ಕದ ಪುಸ್ತಕದ ತಪ್ಪು ತಿದ್ದುವುದು. ಎಫ್ ಬದಲು ಆರ್ ಹಾಕಿದರೆ ಅದನ್ನೂ ಮಾಡಿ, ಡಿಸ್ಕಿನ ಮೂಲೆಮೂಲೆಯನ್ನೂ ಓದಿ ನೋಡುತ್ತದೆ. 1 ಟಿಬಿ ಡಿಸ್ಕನ್ನು ಸೆಕೆಂಡಿಗೆ 100 ಎಂಬಿಯಂತೆ ಓದಿದರೂ ಹೆಚ್ಚುಕಡಿಮೆ ಮೂರು ತಾಸು ಬೇಕು, ಡಿಸ್ಕ್ ಕೆಟ್ಟಿದ್ದರೆ ಇಡೀ ರಾತ್ರಿಯೂ ಸಾಲದು. ತಿರುಗುವ ತಟ್ಟೆಯ ಬದಲು ಚಿಪ್ ಇರುವ ಎಸ್‌ಎಸ್‌ಡಿ ಆದರೆ ಸುಮ್ನೆ ಆರ್ ಹಾಕಬೇಡಿ, ಸಾಮಾನ್ಯವಾಗಿ ಎಫ್ ಸಾಕು.

ಸಿ ಡ್ರೈವ್ ಬಳಕೆಯಲ್ಲಿರುವುದರಿಂದ ‘ಮುಂದಿನ ಸಲ ಕಂಪ್ಯೂಟರ್ ಶುರುವಾಗುವಾಗ ಮಾಡಲೇ’ ಎಂದು ಕೇಳುತ್ತದೆ. ವೈ ಒತ್ತಿ, ರೀಸ್ಟಾರ್ಟ್ ಕೊಡಿ. ಶಟ್ ಡೌನ್ ಅಲ್ಲ, ರೀಸ್ಟಾರ್ಟೇ. ಕಂಪ್ಯೂಟರ್ ಬೇಗ ಶುರುವಾಗಲೆಂದು ಇರುವ ‘ಫಾಸ್ಟ್ ಸ್ಟಾರ್ಟಪ್’ ಆನ್ ಇದ್ದರೆ ಶಟ್ ಡೌನ್ ಮಾಡಿದರೂ ವಿಂಡೋಸ್ ಅರೆನಿದ್ದೆಯಲ್ಲೇ ಇರುತ್ತದೆ, ತಪಾಸಣೆ ನಡೆಯದೇ ಹೋಗಬಹುದು. ನಡುವೆ ಪ್ಲಗ್ ಮಾತ್ರ ಕೀಳಬೇಡಿ.

ಈಗ ಭಾವ ಬಿಟ್ಟಿದ್ದ ಕೆಲಸ. ಸ್ಟಾರ್ಟ್‌ನಲ್ಲಿ ‘ಈವೆಂಟ್ ವ್ಯೂವರ್’ ಹುಡುಕಿ ತೆರೆಯಿರಿ. ಎಡಗಡೆ ವಿಂಡೋಸ್ ಲಾಗ್ಸ್, ಅದರೊಳಗೆ ಅಪ್ಲಿಕೇಶನ್. ಬಲಗಡೆಯ ‘ಫಿಲ್ಟರ್ ಕರೆಂಟ್ ಲಾಗ್’ ಒತ್ತಿ, ಈವೆಂಟ್ ಐಡಿ ಜಾಗದಲ್ಲಿ 1001 ಹಾಕಿ. ಇದೇ ನಂಬರಿನಲ್ಲಿ ಬೇರೆ ವರದಿಗಳೂ ಬರುತ್ತವೆ, ಅದಕ್ಕೇ ಸೋರ್ಸ್ ಕಾಲಮ್ಮಿನಲ್ಲಿ ‘ವಿನ್‌ಇನಿಟ್’ ಎಂದಿರುವುದನ್ನೇ ತೆರೆಯಬೇಕು. ಉದ್ದದ ವರದಿ ಕಂಡು ಹೆದರಬೇಡಿ, ನಮಗೆ ಬೇಕಿರುವುದು ಎರಡೇ ಸಾಲು. ಒಂದು, ‘ನೋ ಪ್ರಾಬ್ಲಮ್ಸ್’ ಎಂದಿದೆಯೋ ‘ಕರೆಕ್ಷನ್ಸ್’ ಮಾಡಿದೆ ಎಂದಿದೆಯೋ. ಇನ್ನೊಂದು, ಕೆಳಗೆ ‘ಬ್ಯಾಡ್ ಸೆಕ್ಟರ್ಸ್’ (ಡಿಸ್ಕಿನಲ್ಲಿ ಕೆಟ್ಟುಹೋದ ಚಿಕ್ಕ ಜಾಗಗಳು) ಎಂಬ ಸಾಲಿನ ಅಂಕಿ, ಅದು 0 ಕೆಬಿ ಇರಬೇಕು. ಕರೆಕ್ಷನ್ಸ್ ಎಂದಿದ್ದರೆ ಇನ್ನೊಂದು ಸಲ ಚೆಕ್ ಮಾಡಿ. ಎರಡನೇ ಸಲವೂ ತಪ್ಪು ಸಿಕ್ಕರೆ ಡಿಸ್ಕಿನ ಮೇಲೇ ಅನುಮಾನ ಪಡಬೇಕು.

ಭಾವನ ವರದಿಯಲ್ಲಿ ಕರೆಕ್ಷನ್ಸ್ ಅಂತಿತ್ತು, ಬ್ಯಾಡ್ ಸೆಕ್ಟರ್ 0. ಅವರಿಗೆ ಖುಷಿ. ನನಗೆ ನಂಬಿಕೆ ಬರಲಿಲ್ಲ, ಯಾಕಂದ್ರೆ ಅವರು ಹಾಕಿದ್ದು ಎಫ್, ಅದು ಡಿಸ್ಕಿನ ಮೇಲ್ಮೈ ಮುಟ್ಟಿಯೇ ಇರಲಿಲ್ಲ. ಹುಡುಕದೇ ಇದ್ದದ್ದು ಸಿಗುತ್ತದಾ?

ಅದಕ್ಕೇ ‘ಕ್ರಿಸ್ಟಲ್‌ಡಿಸ್ಕ್‌ಇನ್ಫೋ’ ಎಂಬ ಉಚಿತ ತಂತ್ರಾಂಶ ಹಾಕಿದೆ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಸ್ಮಾರ್ಟ್ ಲೆಕ್ಕವನ್ನು ಅದು ತೋರಿಸುತ್ತದೆ. ಹಾರ್ಡ್ ಡಿಸ್ಕ್ ಆದರೆ 05, ಸಿ5, ಸಿ6 ಸಾಲುಗಳ ಕೊನೆಯ ಅಂಕಿ ನೋಡಿ, ಸೊನ್ನೆ ಇರಬೇಕು. ಸಿ5 ಅಂದರೆ ಓದಲು ಕಷ್ಟವಾಗಿ, ಏನು ಮಾಡುವುದೆಂದು ಇನ್ನೂ ತೀರ್ಮಾನವಾಗದ ಸೆಕ್ಟರುಗಳು. ಅಲ್ಲಿ 18 ಅಂತಿತ್ತು, ಜೊತೆಗೆ ಹಳದಿ ‘ಕಾಷನ್’. ಅಂಕಿಗಳು ಅಲ್ಲಿ ಹೆಕ್ಸಾಡೆಸಿಮಲ್‌ನಲ್ಲಿ, ಅಂದರೆ ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ ಇರುತ್ತವೆ, ನಮ್ಮ ಲೆಕ್ಕದಲ್ಲಿ ಅದು 24.

ಆರ್ ಹಾಕುವ ಯೋಚನೆಯನ್ನು ಅಲ್ಲಿಗೇ ಬಿಟ್ಟೆವು. ಸಂಜೆ ಹೊಸ ಡಿಸ್ಕ್ ಬಂತು, ಫೋಟೊಗಳನ್ನು ಕಾಪಿಗೆ ಹಾಕಿ ಕುಳಿತೆವು. ಅಕ್ಕನ ಮಗಳ ನಾಮಕರಣದ ಹನ್ನೊಂದು ಫೋಟೊ ಬರಲಿಲ್ಲ, ಉಳಿದವೆಲ್ಲ ಬಂದವು.