ಸೆಕೆ ಏರಿದರೆ ಸಿಟ್ಟೂ ಏರುತ್ತದೆ: ಬೇಸಿಗೆಯಲ್ಲಿ ಮೈ, ಮನಸ್ಸು ಎರಡನ್ನೂ ಕಾಪಾಡಿಕೊಳ್ಳುವುದು ಹೇಗೆ?

ಬೇಸಿಗೆ ಬಂತೆಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ಚೆನ್ನಾಗಿ ನೀರು ಕುಡಿಯಿರಿ. ಮಾತು ಸರಿಯೇ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅರ್ಧ ಕೆಲಸವೂ ಆಗುವುದಿಲ್ಲ. ಸೆಕೆಯ ದಿನಗಳಲ್ಲಿ ಸದ್ದಿಲ್ಲದೆ ಕೆಡುವುದು ನಿದ್ದೆ. ನಿದ್ದೆ ಕೆಟ್ಟರೆ ಸಿಡುಕು, ಊಟ ಬೇಡ, ಕೆಲಸ ಬೇಡ, ಯಾರ ಮಾತೂ ಬೇಡ. ಹಾಗಾಗಿ ಮೈಯ ಆರೈಕೆ ಬೇರೆ, ಮನಸ್ಸಿನ ಆರೈಕೆ ಬೇರೆ ಎಂದು ಈ ಕಾಲದಲ್ಲಿ ವಿಂಗಡಿಸಲು ಆಗುವುದಿಲ್ಲ. ಮೈಯ ಕಾವು ಇಳಿಯಲು ದಿನಾ ಒಂದಷ್ಟು ಹೊತ್ತು ಸಿಗಬೇಕು, ಮುಖ್ಯವಾಗಿ ರಾತ್ರಿ. ಅದು ಸಿಕ್ಕರೆ ಎರಡೂ ಸುಧಾರಿಸುತ್ತವೆ.

ಮೊದಲು ಬೆವರು ಆರಲು ಬಿಡಿ

ಮೈಯೊಳಗಿನ ಬಿಸಿ ಸುಮಾರು 37 ಡಿಗ್ರಿ ಸೆಲ್ಸಿಯಸ್. ಚರ್ಮ ಅದಕ್ಕಿಂತ ಎರಡು ಮೂರು ಡಿಗ್ರಿ ತಂಪು. ಸುತ್ತಲಿನ ಗಾಳಿ ಚರ್ಮಕ್ಕಿಂತ ತಣ್ಣಗಿದ್ದರೆ ಕಾವು ತಾನಾಗಿ ಹೊರಗೆ ಹೋಗುತ್ತದೆ. ಗಾಳಿ 35 ಡಿಗ್ರಿ ದಾಟಿದರೆ ಆ ದಾರಿ ಮುಚ್ಚಿತು, ಆಮೇಲೆ ಉಳಿಯುವುದು ಬೆವರೊಂದೇ. ಅದೂ ಬರೀ ಸುರಿದರೆ ಸಾಲದು, ಮೈಮೇಲೆಯೇ ಆರಬೇಕು. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೋಗುತ್ತದೆ. ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ಎಳ್ಳಷ್ಟೂ ಲಾಭವಿಲ್ಲ. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ 32 ಡಿಗ್ರಿಯೇ ಜೀವ ಹಿಂಡುವುದು ಇದೇ ಕಾರಣಕ್ಕೆ. ಫೋನಿನಲ್ಲಿ ತಾಪಮಾನ ನೋಡುವಾಗ ತೇವಾಂಶದ ಅಂಕಿಯನ್ನೂ ನೋಡಿ.

ಸಡಿಲವಾದ, ಗಾಳಿಯಾಡುವ ಬಟ್ಟೆ ಹಾಕಿ. ಮುಖ, ಕತ್ತು, ಮುಂಗೈ ಆಗಾಗ ಒದ್ದೆ ಮಾಡಿಕೊಳ್ಳಿ. ಫ್ಯಾನ್ ವಿಚಾರದಲ್ಲಿ ಒಂದು ಎಚ್ಚರಿಕೆ ಇದೆ. ಕೋಣೆಯ ಬಿಸಿ 40 ಡಿಗ್ರಿ ಮುಟ್ಟಿದರೆ ಫ್ಯಾನ್ ನೆಚ್ಚಬೇಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ಬಿಸಿಯಲ್ಲಿ ಅದು ಬಿಸಿಗಾಳಿಯನ್ನೇ ಮೈಗೆ ತಂದು ಸುರಿಯುತ್ತದೆ.

ನೀರಿನ ಲೆಕ್ಕ

ದಿನಕ್ಕೆ ಇಷ್ಟೇ ಲೋಟ ಎಂಬ ನಿಯಮವನ್ನು ನಾನಂತೂ ನಂಬುವುದಿಲ್ಲ. ಕೂತು ಕೆಲಸ ಮಾಡುವವರಿಗೂ ಬಿಸಿಲಲ್ಲಿ ಹೊರೆ ಹೊರುವವರಿಗೂ ಒಂದೇ ಲೆಕ್ಕ ಹೇಗಾಗುತ್ತದೆ? ಮೂತ್ರದ ಬಣ್ಣ ನೋಡಿ. ತಿಳಿ ಹಳದಿಯಾಗಿದ್ದರೆ ಸರಿ, ಗಾಢವಾಗಿದ್ದರೆ ನೀರು ಸಾಲುತ್ತಿಲ್ಲ. ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದೇ ಕಡಿಮೆ. ಹಿರಿಯರು ‘ನಂಗೆ ಬೇಡ’ ಎಂದರೂ ಗಂಟೆಗೊಮ್ಮೆ ಕೈಗೆ ಲೋಟ ಕೊಡಿ.

ಹಾಗಂತ ಒಂದೇ ಸಮ ಕುಡಿಯುತ್ತಾ ಹೋಗುವುದೂ ತಪ್ಪು. ಗಂಟೆಗೆ ಸುಮಾರು 1.4 ಲೀಟರ್‌ಗಿಂತ ಜಾಸ್ತಿ ಬೇಡ. ಮಿತಿಮೀರಿ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಗಲಿಬಿಲಿ ಶುರುವಾಗಬಹುದು. ಗಂಟೆಗಟ್ಟಲೆ ಬೆವರಿದವರಿಗೆ ನೀರಿನ ಜೊತೆ ಉಪ್ಪೂ ಬೇಕು. ಊಟ ಸರಿಯಾಗಿ ಮಾಡುತ್ತಿದ್ದರೆ ಸಾಮಾನ್ಯವಾಗಿ ಅದರಲ್ಲೇ ಸಿಗುತ್ತದೆ. ವಾಂತಿ, ಭೇದಿ ಆದಾಗ ಓಆರ್‌ಎಸ್ ಕೊಡಿ. ಪೊಟ್ಟಣದ ಮೇಲೆ ಹೇಳಿದಷ್ಟೇ ನೀರು ಹಾಕಿ, ಅಂದಾಜಿನಲ್ಲಿ ಬೇಡ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇದ್ದು, ಕಡಿಮೆ ನೀರು ಕುಡಿಯಲು ವೈದ್ಯರು ಹೇಳಿದ್ದರೆ ಬೇಸಿಗೆಯ ಲೆಕ್ಕವನ್ನು ಅವರನ್ನೇ ಕೇಳಿ.

ಬಿಸಿಲಿಗೆ ಮೈ ಒಗ್ಗಿಸಿಕೊಳ್ಳಿ

ಬಿಸಿಗೆ ಮೈ ಒಗ್ಗಲು ಒಂದರಿಂದ ಎರಡು ವಾರ ಬೇಕು. ಹೊರಗಿನ ಕೆಲಸಕ್ಕೆ ಹೊಸದಾಗಿ ಸೇರಿದವರು ಮೊದಲ ದಿನ ಮಾಮೂಲಿ ಹೊತ್ತಿನ ಐದನೇ ಒಂದು ಪಾಲು ಮಾತ್ರ ಬಿಸಿಲಲ್ಲಿರಲಿ. ಆಮೇಲೆ ದಿನಕ್ಕೆ ಅಷ್ಟಷ್ಟೇ ಏರಿಸಿದರಾಯಿತು. ರಜೆ ಮುಗಿಸಿ ಬಂದವರೂ, ದಿನವಿಡೀ ಎಸಿಯಲ್ಲಿ ಕೂತಿದ್ದು ಭಾನುವಾರ ಮಾತ್ರ ಆಟಕ್ಕಿಳಿಯುವವರೂ ಇದನ್ನು ನೆನಪಿಡಬೇಕು. ಬೆಳಿಗ್ಗೆ 10ರಿಂದ ಸಂಜೆ 4ರವರೆಗಿನ ಬಿಸಿಲು ಚರ್ಮಕ್ಕೂ ಕೆಟ್ಟದ್ದು. ಹೋಗಲೇಬೇಕಾದರೆ ಅಗಲ ಅಂಚಿನ ಟೋಪಿ ಹಾಕಿ, ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಮಗುವನ್ನು ನಿಂತ ಕಾರಿನಲ್ಲಿ ಬಿಟ್ಟು ‘ಎರಡೇ ನಿಮಿಷ’ ಎಂದು ಇಳಿಯಬೇಡಿ. ಕಿಟಕಿ ಸ್ವಲ್ಪ ತೆರೆದಿಟ್ಟರೂ ಒಳಗಿನ ಬಿಸಿ 10 ನಿಮಿಷದಲ್ಲೇ ಸುಮಾರು 10 ಡಿಗ್ರಿ ಏರುತ್ತದೆ.

ರಾತ್ರಿಯನ್ನು ಉಳಿಸಿಕೊಳ್ಳಿ

ಎಲ್ಲಕ್ಕಿಂತ ಜಾಸ್ತಿ ಗಮನ ಕೊಡಬೇಕಾದದ್ದು ಇಲ್ಲಿ. ನಿದ್ದೆ ಹತ್ತುವ ಹೊತ್ತಿಗೆ ಮೈಯೊಳಗಿನ ಬಿಸಿ ಸ್ವಲ್ಪ ಇಳಿಯಬೇಕು. ಅದಕ್ಕೆಂದೇ ಕೈಕಾಲಿನ ರಕ್ತನಾಳಗಳು ಹಿಗ್ಗಿ ಶಾಖವನ್ನು ಹೊರಗೆ ಬಿಡುತ್ತವೆ. ಕೋಣೆಯೇ ಕಾದಿದ್ದರೆ ಆ ಶಾಖ ಹೋಗುವುದೆಲ್ಲಿಗೆ?

ಕೆಲಸ ಬೆಳಿಗ್ಗೆಯೇ ಶುರುವಾಗಬೇಕು. ಹೊರಗೆ ಬಿಸಿ ಏರುವ ಮೊದಲೇ ಕಿಟಕಿ, ಪರದೆ ಮುಚ್ಚಿ. ಸಂಜೆ ಹೊರಗಿನ ಗಾಳಿ ಒಳಗಿಗಿಂತ ತಂಪಾದ ಮೇಲೆಯೇ ತೆರೆಯಿರಿ, ಎದುರು ಬದುರು ಕಿಟಕಿಗಳಾದರೆ ಒಳ್ಳೆಯದು. ಒಳಗಿನ ಪರದೆಗಿಂತ ಕಿಟಕಿಯ ಹೊರಗಿನ ನೆರಳು ಹೆಚ್ಚು ಉಪಯೋಗ, ಏಕೆಂದರೆ ಬಿಸಿಲನ್ನು ಗಾಜಿನಾಚೆಯೇ ತಡೆಯುತ್ತದೆ. ಮಲಗುವ ಒಂದೆರಡು ಗಂಟೆ ಮೊದಲು ಉಗುರುಬೆಚ್ಚಗಿನ ನೀರಲ್ಲಿ ಸ್ನಾನ ಮಾಡಿ. ಐಸ್‌ನಂಥ ನೀರು ಸುರಿದುಕೊಂಡರೆ ಆ ಕ್ಷಣಕ್ಕೆ ಹಾಯೆನಿಸುತ್ತದೆ, ಆದರೆ ಚರ್ಮದ ರಕ್ತನಾಳ ಕುಗ್ಗಿ ಕಾವು ಒಳಗೇ ಉಳಿಯುತ್ತದೆ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ಸಾಕು. ಮದ್ಯದಿಂದ ನಿದ್ದೆ ಬರುತ್ತದೆ ಎನ್ನುವವರಿದ್ದಾರೆ. ಬರುತ್ತದೆ, ನಡುರಾತ್ರಿಯವರೆಗೆ. ಆಮೇಲೆ ಎಚ್ಚರ, ಬಾಯಾರಿಕೆ ಎರಡೂ ಗ್ಯಾರಂಟಿ.

ಮನಸ್ಸಿನ ಧಗೆ

ಮೂರು ರಾತ್ರಿ ನಿದ್ದೆಗೆಟ್ಟವರು ಸಣ್ಣ ಮಾತಿಗೂ ಕಿಡಿಕಿಡಿಯಾದರೆ ಅದು ಸ್ವಭಾವದ ದೋಷವಲ್ಲ, ದಣಿವು. ಸಿಟ್ಟು ಬಂದಾಗ ಮೊದಲು ಕೇಳಿಕೊಳ್ಳಿ: ನೀರು ಕುಡಿದು ಎಷ್ಟು ಹೊತ್ತಾಯಿತು? ತಂಪು ಜಾಗದಲ್ಲಿ ಹತ್ತು ನಿಮಿಷ ಕೂತೆನಾ? ಹಣದ ಮಾತು, ಮನೆಯ ಜಗಳ, ಕಷ್ಟದ ತೀರ್ಮಾನ ಇವನ್ನೆಲ್ಲ ಬೆಳಗಿನ ತಂಪು ಹೊತ್ತಿಗೆ ತಳ್ಳಿ. ರಜೆಯಲ್ಲಿ ಮಕ್ಕಳಿಗೆ ಪಾಠ ಇಲ್ಲದಿದ್ದರೂ ಏಳುವ, ಮಲಗುವ ಹೊತ್ತು ಒಂದೇ ಇರಲಿ.

ಖಿನ್ನತೆ ಎಂದರೆ ಚಳಿಗಾಲದ್ದು ಎಂದು ಹಲವರು ತಿಳಿದಿದ್ದಾರೆ. ಬೇಸಿಗೆಯಲ್ಲೇ ಪ್ರತಿ ವರ್ಷ ಮರಳಿ ಬರುವ ಬಗೆಯೂ ಇದೆ, ಅಪರೂಪ ಅಷ್ಟೇ. ಇದರಲ್ಲಿ ನಿದ್ದೆ ಬಾರದು, ಊಟ ಸೇರದು, ತೂಕ ಇಳಿಯುತ್ತದೆ, ಒಳಗೆ ಸದಾ ಚಡಪಡಿಕೆ. ಎರಡು ವಾರವಾದರೂ ಹೀಗೇ ಇದ್ದರೆ ‘ಸುಮ್ನೆ ಸೆಕೆಗೆ’ ಎಂದು ತಳ್ಳಿಹಾಕದೆ ವೈದ್ಯರನ್ನು ನೋಡಿ. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯುವ ಮಾತೇ ಇಲ್ಲ, ಅಂದೇ ಹೋಗಿ. ಒಂಟಿಯಾಗಿರುವ ಹಿರಿಯರು ಬಿಸಿಲಿಗೆ ಹೆದರಿ ದಿನಗಟ್ಟಲೆ ಮನೆಯೊಳಗೇ ಇರುತ್ತಾರೆ ಅಲ್ವಾ? ದಿನಕ್ಕೆರಡು ಸಲ ಫೋನ್ ಮಾಡಿ. ಮಾತು ತೊದಲುತ್ತಿದೆಯಾ ಎಂಬುದೂ ಅದರಲ್ಲೇ ಗೊತ್ತಾಗುತ್ತದೆ.

ಮಾತ್ರೆಗಳ ಬಗ್ಗೆ ಒಂದು ಮಾತು. ಮೂತ್ರ ಹೆಚ್ಚಿಸುವ ಔಷಧಿ, ಕೆಲವು ಅಲರ್ಜಿ ಮಾತ್ರೆ, ಮನೋರೋಗದ ಕೆಲವು ಔಷಧಿಗಳು ಬೆವರನ್ನೋ ಮೈಯ ನೀರನ್ನೋ ಕಡಿಮೆ ಮಾಡುತ್ತವೆ. ಮನಸ್ಥಿತಿಯ ವಿಪರೀತ ಏರಿಳಿತಕ್ಕೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರಲ್ಲಿ ಮೈಯ ನೀರು ಇಳಿದರೆ ಅದರ ಮಟ್ಟ ರಕ್ತದಲ್ಲಿ ಏರಬಹುದು. ನೀವೇ ನಿಲ್ಲಿಸಬೇಡಿ, ಬೇಸಿಗೆಗೆ ಮೊದಲೇ ವೈದ್ಯರ ಹತ್ತಿರ ಮಾತಾಡಿ.

ಕೈಮೀರಿದಾಗ

ತಲೆಸುತ್ತು, ಸುಸ್ತು, ವಿಪರೀತ ಬೆವರು, ಓಕರಿಕೆ ಬಂದರೆ ನೆರಳಿಗೆ ಹೋಗಿ, ಬಟ್ಟೆ ಸಡಿಲಿಸಿ, ಗುಟುಕು ಗುಟುಕಾಗಿ ನೀರು ಕುಡಿಯಿರಿ. ಅರ್ಧ ಗಂಟೆಯಲ್ಲಿ ಚೇತರಿಸಿಕೊಳ್ಳಬೇಕು. ಮಾತು ಅಸ್ತವ್ಯಸ್ತವಾದರೆ, ಗುರುತು ತಪ್ಪಿದರೆ, ಫಿಟ್ಸ್ ಅಥವಾ ಪ್ರಜ್ಞೆ ತಪ್ಪುವುದು ಕಂಡರೆ ಅದು ಹೀಟ್ ಸ್ಟ್ರೋಕ್. ಮೈಯೊಳಗಿನ ಬಿಸಿ 40 ಡಿಗ್ರಿ ದಾಟಿರುತ್ತದೆ. ಬೆವರು ನಿಂತಿರಲೇಬೇಕು ಎಂದೇನಿಲ್ಲ, ಬೆವರುತ್ತಿರುವವರಿಗೂ ಇದು ಆಗುತ್ತದೆ. ತಕ್ಷಣ ಆಂಬುಲೆನ್ಸ್ ಕರೆಯಿರಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಪ್ಯಾರಸಿಟಮಾಲ್ ಬೇಡ, ಇದು ಜ್ವರವಲ್ಲ. ಮೈತುಂಬ ತಣ್ಣೀರು ಸುರಿದು ಗಾಳಿ ಬೀಸಿ. ಕತ್ತು, ಕಂಕುಳು, ತೊಡೆಸಂದಿಗೆ ಐಸ್ ಇಡಿ. ಆಂಬುಲೆನ್ಸ್ ಬಾಗಿಲಿಗೆ ಬರುವವರೆಗೂ ನೀರು ಸುರಿಯುವುದನ್ನು ನಿಲ್ಲಿಸಬೇಡಿ.