ಕಥೆಯಲ್ಲಿ ಕೃಪೆಯನ್ನು ಹುಡುಕುವುದು ಹೇಗೆ

ನಮ್ಮ ಚರ್ಚಿನ ಸಭೆಯ ಯುವಕರ ಜೊತೆ ಸಿನಿಮಾ ನೋಡಿ ಮಾತಿಗೆ ಕೂತರೆ ಮೊದಲು ಬರುವ ಉತ್ತರ ಹೆಚ್ಚಾಗಿ ಇದೇ: ‘ನಾಯಕ ಕೈಚಾಚಿ ಸತ್ತ, ಅವನೇ ಯೇಸು.’ ಅಲ್ಲಿಂದ ಶುರು ಮಾಡಬೇಡಿ. ಚಾಚಿದ ಕೈ, ಶಿಲುಬೆಯಂಥ ನೆರಳು ಇವನ್ನೆಲ್ಲ ಬರೀ ಅಂದಕ್ಕೂ ಬಳಸಬಹುದು. ಕೃಪೆ ಎಂದರೆ ಅರ್ಹತೆ ಇಲ್ಲದಿದ್ದರೂ ಸಿಗುವ ದಯೆ. ಹಾಗಾಗಿ ನಾನು ಕೇಳುವುದು ಬೇರೆ: ಅರ್ಹತೆ ಮೀರಿ ಯಾರಿಗೆ ಏನು ಸಿಕ್ಕಿತು? ಅದಕ್ಕೆ ಬೆಲೆ ತೆತ್ತವರು ಯಾರು?

ವಿಕ್ಟರ್ ಹ್ಯೂಗೋನ ‘ಲೆ ಮಿಸರಾಬ್ಲ್’ (1862) ನೋಡಿ. ರೊಟ್ಟಿ ಕದ್ದು, ಆಮೇಲೆ ತಪ್ಪಿಸಿಕೊಳ್ಳಲು ಹೋಗಿ ಸಿಕ್ಕಿಬಿದ್ದು, ಒಟ್ಟು 19 ವರ್ಷ ಸೆರೆಯಲ್ಲಿದ್ದ ಜಾನ್ ವಾಲ್‌ಜಾನ್‌ಗೆ ಬಿಷಪ್ ಮಿರಿಯೆಲ್ ಊಟ, ಹಾಸಿಗೆ ಕೊಡುತ್ತಾರೆ. ಅವನೋ ರಾತ್ರೋರಾತ್ರಿ ಬೆಳ್ಳಿ ಸಾಮಾನು ಕದ್ದು ಓಡುತ್ತಾನೆ. ಪೊಲೀಸರು ಹಿಡಿದು ತಂದಾಗ ಬಿಷಪ್, ‘ಮೇಣದಬತ್ತಿಯ ಸ್ಟ್ಯಾಂಡುಗಳನ್ನೂ ಕೊಟ್ಟಿದ್ದೆನಲ್ಲ, ಅವನ್ನೇಕೆ ಬಿಟ್ಟುಹೋದೆ?’ ಎನ್ನುವಂತೆ ಮಾತಾಡುತ್ತಾರೆ. ಇಲ್ಲಿಗೇ ಪುಸ್ತಕ ಮುಚ್ಚಿಬಿಡಬೇಡಿ. ಕ್ಷಮೆ ಪಡೆದ ವಾಲ್‌ಜಾನ್ ಅದೇ ದಿನ ಒಬ್ಬ ಬಡ ಹುಡುಗನ ನಾಣ್ಯದ ಮೇಲೆ ಕಾಲಿಟ್ಟು, ಅವನು ಅತ್ತರೂ ಕಾಲು ತೆಗೆಯುವುದಿಲ್ಲ. ಹುಡುಗ ಹೋದ ಮೇಲೆ ತಾನೇ ಅಳುತ್ತಾನೆ, 19 ವರ್ಷಗಳಲ್ಲಿ ಮೊದಲ ಸಲ. ನನಗೆ ಇಡೀ ಕಾದಂಬರಿಯ ಜೀವ ಆ ನಾಣ್ಯದಲ್ಲಿದೆ. ಕೃಪೆ ಮೊದಲು ಮನುಷ್ಯನನ್ನು ಕಲಕುತ್ತದೆ, ತಿಳಿಯಾಗುವುದು ಆಮೇಲೆ.

ಸತ್ಯವೇದ (ಬೈಬಲ್) ತೆರೆಯುವುದು ಕಥೆ ಮುಗಿದ ಮೇಲೆ. ವಚನವನ್ನು ಮೊದಲೇ ಆರಿಸಿಕೊಂಡು ಕೂತರೆ ಅದಕ್ಕೆ ಒಗ್ಗುವುದಷ್ಟೇ ಕಣ್ಣಿಗೆ ಬೀಳುತ್ತದೆ. ಈ ಕಥೆಗೆ ನಾವು ಲೂಕನ ಸುವಾರ್ತೆಯ 19ನೇ ಅಧ್ಯಾಯ ಓದುತ್ತೇವೆ. ಜನರು ಪಾಪಿಯೆಂದು ದೂರುತ್ತಿದ್ದ ಸುಂಕದವನು ಜಕ್ಕಾಯ ತಿದ್ದಿಕೊಂಡ ಮೇಲಲ್ಲ, ಅದಕ್ಕೂ ಮುಂಚೆಯೇ ಯೇಸು ಅವನ ಮನೆಗೆ ಹೊರಟದ್ದು. ಪಾಪಿಯ ಮನೆಗೆ ಹೋದನೆಂಬ ಜನರ ಗೊಣಗಾಟ ಯೇಸುವಿನ ಪಾಲಿಗೆ ಬಂತು. ಬೆಲೆಯ ಪ್ರಶ್ನೆ ಅಲ್ಲಿಯೂ ಇದೆ.

ದೇವರ ಹೆಸರೇ ಇಲ್ಲದಂತಿರುವ ಕಥೆಗೂ ಇದೇ ದಾರಿ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಮೂಲತಃ ಧಾರ್ಮಿಕ, ಕ್ಯಾಥೊಲಿಕ್ ಕೃತಿ ಎಂದು ಅದರ ಲೇಖಕ ಟೋಲ್ಕಿನ್ 1953ರ ಪತ್ರವೊಂದರಲ್ಲಿ ಬರೆದಿದ್ದರು. ಕಥೆಯ ಕೇಡಿನ ಉಂಗುರ ನಾಶವಾಗುವ ದಿನ ಮಾರ್ಚ್ 25, ದೇವದೂತ ಮರಿಯಳಿಗೆ ಶುಭವಾರ್ತೆ ತಂದ ಹಬ್ಬದ ದಿನ. ಇಂಥ ಸುಳಿವು ಸಿಕ್ಕರೆ ಖುಷಿಪಡಿ, ಆದರೆ ಕೊನೆಯ ಗಳಿಗೆಯನ್ನು ಇನ್ನೂ ಹತ್ತಿರದಿಂದ ನೋಡಿ. ಉಂಗುರವನ್ನು ನಾಶಮಾಡಲು ಹೊತ್ತು ಬಂದ ಫ್ರೋಡೊ ಸೋಲುತ್ತಾನೆ, ಉಂಗುರವನ್ನು ಎಸೆಯಲಾರ. ಹಿಂದೆ ಕನಿಕರಪಟ್ಟು ಜೀವಸಹಿತ ಬಿಟ್ಟಿದ್ದ, ಆ ಉಂಗುರಕ್ಕಾಗಿ ಹಾತೊರೆಯುವ ಗೊಲ್ಲಮ್‌ನಿಂದಲೇ ಕೆಲಸ ಮುಗಿಯುತ್ತದೆ.

ಲೇಖಕರು ಬೇರೆ ನಂಬಿಕೆಯವರಾಗಿದ್ದರೆ ‘ಅವರು ಹೇಳಿದ್ದು ಇದೇ’ ಎನ್ನಬೇಡಿ. ‘ನನಗೆ ಇದು ನೆನಪಾಯಿತು’ ಎನ್ನಿ. ಅದು ಅವರಿಗೆ ಸಲ್ಲಬೇಕಾದ ಗೌರವ. ಸೇಡಿನ ಸಿನಿಮಾದಲ್ಲಿ ಕ್ಷಮೆ ಕಾಣದಿದ್ದರೆ ಎಳೆದು ತರಬೇಡಿ. ನಾವು ಯಾರ ಸಾವಿಗೆ ಚಪ್ಪಾಳೆ ತಟ್ಟಿದೆವು ಎಂದು ಕೇಳಿ, ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ವೈರಿಯನ್ನು ಪ್ರೀತಿಸುವ ಮಾತನ್ನು ಎಲ್ಲರೂ ಕೂಡಿ ಓದಿ.